ಫ್ಯಾನು ಕ್ಯಾಂಟೀನಿಗೆ, ದುವಾ ನನಗೆ

ಹೈದರಾಬಾದಿನ ಬಾಲಾನಗರದ ನಮ್ಮ ಕಾರ್ಖಾನೆಯಲ್ಲಿ ಯೂನಿಯನ್ ಚುನಾವಣೆ ಬಂತೆಂದರೆ ನನ್ನ ಬಾಯಿ ತೆರೆದದ್ದು ತೆರೆದೇ ಇರುತ್ತಿತ್ತು. ಭಾಷಣಕ್ಕಲ್ಲ, ಆಘಾತಕ್ಕೆ. ಆ ಊರು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ ಅದು.

1. ಶುಕ್ರವಾರದ ಕೋಣೆ

ಎರಡು ಸಲ ಸೋತಿದ್ದೆ. ಮೂರನೇ ಸಲ ನಿಂತಾಗ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಈ ಸಲನೂ ಬಿದ್ರ ಮನ್ಯಾಗ ಎಲೆಕ್ಷನ್ ಅನ್ನೂ ಮಾತೇ ತಗೀಬ್ಯಾಡ್ರಿ."

ನನ್ನ ಪಕ್ಕದ ಲೇತ್ ಯಂತ್ರದ ಟರ್ನರ್ ನನ್ನ ಹಾಗೇ ಕನ್ನಡದವರು, ಬೀದರ ಕಡೆಯವರು. ಸ್ಟೋರಿನ ಹಿಂದಿನ ಕೋಣೆಯಲ್ಲಿ ಶುಕ್ರವಾರದ ನಮಾಜು ಮಾಡಿಸುವವರೂ ಅವರೇ. ಎಲ್ಲರೂ ಅವರನ್ನು ಹಜರತ್ ಎನ್ನುತ್ತಿದ್ದೆವು.

"ಹಜರತ್, ನಮಾಜ್ ಮುಗದ ಮ್ಯಾಲ ನನ್ನ ಹೆಸರು ಒಂದ್ಸಲ ಹೇಳಿಬಿಡ್ರಿ."

ಅವರ ಕೈಯಲ್ಲಿನ ಚಹಾ ಅಲ್ಲೇ ನಿಂತಿತು. "ತೋಬಾ! ಆ ಕೋಣ್ಯಾಗ ವೋಟಿನ ಮಾತಾ?"

"ಯಾಕ್ರಿ, ಇಸ್ಲಾಂನಾಗ ಧರ್ಮ ಬ್ಯಾರೆ, ರಾಜಕೀಯ ಬ್ಯಾರೆ ಅಂತ ಐತೇನು?"

"ಅದರ ಬಗ್ಗೆ ದೊಡ್ಡ ದೊಡ್ಡ ಆಲಿಮರೇ, ಧರ್ಮ ಓದಿದ ಪಂಡಿತರೇ, ಸಾವಿರ ವರ್ಷದಿಂದ ವಾದ ಮಾಡಾಕತ್ತಾರ. ನಾ ಬರೇ ಟರ್ನರ್. ನನ್ನ ಕೋಣ್ಯಾಗ ಮಾತ್ರ ಬ್ಯಾರೆ."

2. ಮೂರು ರೆಕ್ಕೆ

ಚುನಾವಣೆಗೆ ವಾರವಿರುವಾಗ ನನ್ನ ಎದುರಾಳಿ ಆ ನಮಾಜಿನ ಕೋಣೆಗೆಂದು ಸೀಲಿಂಗ್ ಫ್ಯಾನು ತಂದ. ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಅವನದೇ ಹೆಸರು! ನನ್ನ ಮೈಯೆಲ್ಲ ಉರಿಯಿತು. ನಾನೇ ಹೋಗಿ ಹೆಸರು ಹೇಳಿಸಲು ಬೇಡಿದ್ದು ಮರೆತೇಹೋಯಿತು. ಎಲ್ಲರ ಮುಂದೆ ಕೂಗಾಡಿದೆ: "ದೇವರ ಕೋಣಿಗೆ ರಾಜಕೀಯ ತರ್ತೀರೇನ್ರಿ? ಎರಡೂ ಕೂಡಿಸಬ್ಯಾಡ್ರಿ!"

"ಖರೇ ಮಾತು," ಎಂದರು ಹಜರತ್. "ಇದನ್ನ ಕ್ಯಾಂಟೀನಿಗೆ ಹಾಕ್ರಿ."

ಕ್ಯಾಂಟೀನಿನಲ್ಲಿ ಇಡೀ ಕಾರ್ಖಾನೆ ಊಟಕ್ಕೆ ಕೂರುತ್ತಿತ್ತು. ಇನ್ನು ಎಲ್ಲರ ತಲೆಯ ಮೇಲೂ ಅವನ ಹೆಸರು! ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕರೆಂಟು ಹೋದಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಆ ವಾರ ಕರೆಂಟು ಬಂದದ್ದೇ ಅಪರೂಪ.

3. ಐದು ಹೊತ್ತು

ಚುನಾವಣೆಯ ಹಿಂದಿನ ದಿನ ಮತ್ತೆ ಹೋದೆ. "ಹೆಸರು ಹೇಳೂದು ಬ್ಯಾಡ್ರಿ, ದೇವರ ಹತ್ರ ನನಗ ಒಂದು ದುವಾ ಆದ್ರೂ ಮಾಡ್ರಿ."

"ಅದಕ್ಕೇನ್ರಿ, ಐದೂ ಹೊತ್ತು ಮಾಡ್ತೀನಿ."

ಗೆದ್ದೇ ಬಿಟ್ಟೆನೆಂದು ನೆಮ್ಮದಿಯಾಗಿ ಮಲಗಿದೆ. ಮರುದಿನ ಒಂದೇ ಒಂದು ವೋಟಿನಿಂದ ಸೋತೆ. ಅಳು ಬರುವುದೊಂದೇ ಬಾಕಿ.

"ಯಾವನ್ರಿ ಹಜರತ್, ಆ ಒಂದು ವೋಟು ಅವನಿಗೆ ಹಾಕಿದಾಂವ?"

"ನಾನೇ ಇರಬೇಕ್ರಿ," ಎಂದರು ತಣ್ಣಗೆ. "ನೀವು ಭಾಳ ಒಳ್ಳೆಯವ್ರು. ಆದ್ರ ಮ್ಯಾನೇಜರ್ ಮುಂದ ನಿಮ್ಮ ದನಿ ಏಳಂಗಿಲ್ಲ. ಅವಂದು ಏಳ್ತೈತಿ."

"ಮತ್ತ ನನ್ನ ದುವಾ?"

"ಐದೂ ಹೊತ್ತು ಮಾಡೀನಿ. ನಿಮಗ ಆರೋಗ್ಯ, ಮಕ್ಕಳಿಗೆ ವಿದ್ಯಾ, ಮನ್ಯಾಗ ಶಾಂತಿ."

"ಎಲೆಕ್ಷನ್?"

"ತೋಬಾ, ತೋಬಾ! ದುವಾದಾಗ ಎಲೆಕ್ಷನ್ ತರ್ತಾರೇನ್ರಿ? ಎರಡೂ ಕೂಡಿಸಬ್ಯಾಡ್ರಿ ಅಂತ ಎಲ್ಲಾರ ಮುಂದ ಕೂಗಿದವ್ರು ನೀವೇ ಅಲ್ಲೇನು?"

ಜೋಲುಮುಖ ಹೊತ್ತು ಮನೆಗೆ ಬಂದೆ. ಹೆಂಡತಿ ಏನೂ ಕೇಳಲಿಲ್ಲ. ಎಲೆಕ್ಷನ್ ಮಾತು ತೆಗೆಯಲು ನನಗೆ ಅಪ್ಪಣೆಯಿರಲಿಲ್ಲ. ಅಂದಿನಿಂದ ಮನೆಯಲ್ಲಿ ಪೂರ್ತಿ ಶಾಂತಿ. ಹಜರತರ ದುವಾ ದೇವರಿಗೆ ಕಬೂಲಾಗಿತ್ತು.