ಚಿಕ್ಕಪ್ಪನ ಬಲಗೈ

ಊರು ಬಿಟ್ಟು ಬಂದು ನಾವು ಹೋಟೆಲಿಟ್ಟ ನವರಂಗಪುರದ ಅತಿ ಶ್ರೇಷ್ಠ ಬೇಸ್‌ಬಾಲ್ ಆಟಗಾರ ನಮ್ಮ ಚಿಕ್ಕಪ್ಪ. ದೀಪ ಹಚ್ಚಿ ಹುಡುಕಿದರೂ ಅಲ್ಲಿ ಎರಡನೆಯವನು ಸಿಗುವುದಿಲ್ಲ, ಹಾಗಾಗಿ ಪೈಪೋಟಿಯೂ ಇಲ್ಲ! ಪಿಚರ್ ಎಂದರೆ ಏನೆಂದು ಅವರು ವಿವರಿಸಿ ಮುಗಿಸುವಷ್ಟರಲ್ಲಿ ನಮ್ಮ ಉಡುಪಿ ಹೋಟೆಲಿನ ಗಿರಾಕಿಯ ದೋಸೆ ಆರಿಹೋಗಿರುತ್ತದೆ.

ಮೊದಲು ಅವರು ಆಡುತ್ತಿದ್ದದ್ದು ಕ್ರಿಕೆಟ್ಟೇ. ಮೊಣಕೈ ಮಡಚಿ ಎಸೆಯುತ್ತಾರೆಂದು ಅಂಪೈರು ನೋಬಾಲ್ ಕೊಟ್ಟೂ ಕೊಟ್ಟೂ ಸುಸ್ತಾದರಂತೆ. ಆಗ ಕಾಲೇಜಿನ ಪಿ.ಟಿ. ಮೇಷ್ಟ್ರು, ಎಸೆಯುವುದನ್ನೇ ಕೆಲಸ ಮಾಡಿಕೊಂಡ ಆಟವೊಂದಿದೆ ಎಂದು ಈ ಕಡೆ ತಿರುಗಿಸಿದರು. ನೋಡನೋಡುತ್ತ ಚಿಕ್ಕಪ್ಪ ಪಿಚರ್ ಆಗಿ, ಅಂದರೆ ಚೆಂಡು ಎಸೆಯುವವರಾಗಿ, ರಾಜ್ಯದ ತಂಡಕ್ಕೆ ಸೇರಿಬಿಟ್ಟರು.

ಸೇರಿದ್ದೇ ತಡ, ಅವರ ಬಲಗೈ ಮನೆದೇವರಾಯಿತು! ಅದರಲ್ಲಿ ಕೊಡಪಾನ ಎತ್ತುವಂತಿಲ್ಲ, ತಲೆ ಬಾಚುವಂತಿಲ್ಲ. ಊಟಕ್ಕೂ ಎಡಗೈ. ಅಜ್ಜಿ ಎಲೆಯ ಮುಂದಿನಿಂದಲೇ ಎದ್ದು ಹೋದರು. ಆರತಿಗೂ ಎಡಗೈ ಚಾಚಿದಾಗ ಭಟ್ಟರು ತಟ್ಟೆ ಹಿಂದಕ್ಕೆಳೆದುಕೊಂಡರು.

"ಬಲಗೈಗೆ ಎಂತ ಆಯ್ತು?"

"ಎಂತದೂ ಆಗ್ಲಿಲ್ಲ ಭಟ್ರೆ. ಆಗ್ಬಾರ್ದು ಅಂತ!"

ರಾಜ್ಯಕ್ಕಾಗಿ ಆಡಿದ್ದು ಮೂರು ಪಂದ್ಯ. ನೋಡಲು ಮನೆಯಿಂದ ಯಾರೂ ಹೋಗಲಿಲ್ಲ. ಹೋಟೆಲಿಗೆ ರಜೆ ಎಂಬುದುಂಟೇ? ಆಮೇಲೆ ದೇಶದ ತಂಡದ ಆಯ್ಕೆಗೆ ವಡೋದರಾಕ್ಕೆ ಕರೆ ಬಂತು. ಭಾನುವಾರ ಆಯ್ಕೆ; ಶುಕ್ರವಾರ ನಮ್ಮ ಗ್ರೈಂಡರಿನ ಮೋಟಾರು ಸುಟ್ಟುಹೋಯಿತು. ಸೂರತ್ತಿನ ಪಾಂಡೇಸರಾದ ಗಿರಣಿ ಮಾಲೀಕರೊಬ್ಬರು ನಮ್ಮಲ್ಲೇ ಇಟ್ಟುಕೊಂಡಿದ್ದ ಮದುವೆಗೆ ಇಡ್ಲಿ ಒಪ್ಪಿಕೊಂಡಾಗಿತ್ತು. ಬಾಡಿಗೆಗೆ ಇನ್ನೊಂದು ಗ್ರೈಂಡರ್ ತರಬಹುದಿತ್ತು. ಹೋಟೆಲಿನ ಯಜಮಾನರಾದ ನನ್ನ ಅಪ್ಪ ತರಲಿಲ್ಲ. ಮನೆಯಲ್ಲೇ ತಮ್ಮನ ಕೈ ಇರುವಾಗ ಯಾಕೆ?

ಚಿಕ್ಕಪ್ಪ ಹಿತ್ತಲಿನ ರುಬ್ಬುವ ಕಲ್ಲಿನ ಮುಂದೆ ಕೂತು ಎಡಗೈಯಲ್ಲೇ ಶುರುಮಾಡಿದರು.

"ಚೆಂಡು ಬಿಸಾಡುವ ಕೈಗೆ ಹಿಟ್ಟು ರುಬ್ಲಿಕ್ಕೆ ನಾಚಿಕೆಯಾ? ಬಲಗೈ ಹಾಕು ಮಾರಾಯ!" ಎಂದರು ಅಪ್ಪ.

ಹಾಕಿದರು. ಎರಡು ಹಗಲು ರುಬ್ಬಿದರು. ಭಾನುವಾರ ವಡೋದರಾದ ಮೈದಾನದಲ್ಲಿ ಭುಜ ಮೇಲೇಳಲಿಲ್ಲ. ಚೆಂಡು ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಇತ್ತ ಇಡ್ಲಿ ಮಲ್ಲಿಗೆಯ ಹಾಗೆ ಬಂದಿತ್ತಂತೆ, ಮದುವೆಯವರು ಬಾಯ್ತುಂಬ ಹೊಗಳಿದರಂತೆ. ಆ ಕೈಗೆ ಸಿಕ್ಕ ಕೊನೆಯ ಹೊಗಳಿಕೆ ಅದು.

ಆಮೇಲೆ ಆ ಅರ್ಧ ದಾರಿಯ ಚೆಂಡೇ ನಮ್ಮ ಗಲ್ಲಾದ ಮುಂದಿನ ನಗೆಹನಿಯಾಯಿತು. "ನಮ್ಮ ಪಿಚರ್ ಬಾಲ್ ಬಿಟ್ರೆ, ಅದು ಮುಟ್ಟುವಷ್ಟ್ರಲ್ಲಿ ನೀವು ಇನ್ನೊಂದು ದೋಸೆ ತಿನ್ಬಹುದು!" ಅಪ್ಪ ಹೀಗೆಂದಾಗಲೆಲ್ಲ ಗಿರಾಕಿಗಳು ನಗುತ್ತಿದ್ದರು. ಈರುಳ್ಳಿ ಹೆಚ್ಚುತ್ತ ಚಿಕ್ಕಪ್ಪನೂ ನಗುತ್ತಿದ್ದರು. ನಾನೂ ಕಾಲೇಜಿನಲ್ಲಿ ಇದನ್ನೇ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಅಪ್ಪ ವಡೋದರಾದ ಕತೆ ಸಮೇತ ಅದೇ ಮಾತು ಹೇಳಿದಾಗ, ಊಟಕ್ಕೆ ಬಂದಿದ್ದ ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ನಗಲಿಲ್ಲ.

"ಅದಕ್ಕ ಮೊದ್ಲ ಚೆಂಡ ಹೆಂಗ ಒಗೀತಿದ್ರು ಸರ್?" ಎಂದು ಕೇಳಿದ.

ಅಪ್ಪ ಗಲ್ಲಾದಿಂದ ಎದ್ದು ಅಡುಗೆಮನೆಗೆ ಹೋಗಿ, ಚಿಕ್ಕಪ್ಪನ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತರು.

"ನಿನ್ನ ಒಂದು ಮ್ಯಾಚೂ ನಾನು ನೋಡ್ಲಿಲ್ಲ ಮಾರಾಯ. ಕೈಯನ್ನೂ ನಾನೇ ಹಾಳು ಮಾಡಿದೆ."

ಚಿಕ್ಕಪ್ಪ ಚಾಕು ಕೆಳಗಿಟ್ಟರು. "ಹೊರಗೆ ಗಿರಾಕಿ ಇದ್ದಾರೆ ಅಣ್ಣ."

"ಇರ್ಲಿ. ನೀನು ಹೇಳು. ಮೊದಲ್ನೇ ಮ್ಯಾಚಿಂದ."

ಚಿಕ್ಕಪ್ಪ ತಡವರಿಸುತ್ತ ಶುರುಮಾಡಿದರು. ಮೊದಲನೆಯ ಚೆಂಡು, ಎರಡನೆಯ ಚೆಂಡು, ಕಣ್ಣು ಪಿಳಿಪಿಳಿಸುತ್ತ ನಿಂತ ಬ್ಯಾಟರು. ಒಲೆಯ ಮೇಲಿನ ಸಾಂಬಾರು ತಳ ಹಿಡಿದ ವಾಸನೆ ಹೋಟೆಲಿಗೆಲ್ಲ ಹರಡಿತು. ಅಪ್ಪ ಕೂತಲ್ಲಿಂದ ಏಳಲಿಲ್ಲ.

"ಆಮೇಲೆ?" ಎಂದರು.