ಕೆಮ್ಮಿನ ಕುಲಗೋತ್ರ

ನಮ್ಮ ಸೋದರಮಾವನಿಗೆ ಭಯವೆಂಬುದೇ ಇಲ್ಲ ಎಂದು ಅವನ ಊರಾದ ಹೊನ್ನೂರಿನಿಂದ ಹನೂರಿನವರೆಗೆ ಎಲ್ಲರೂ ಹೇಳುತ್ತಾರೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಳ್ಳೇಕಾಯಿ ಮಾರುವವರೂ ಹೇಳುತ್ತಾರೆ. ಬಹುಮತ ಅವರ ಕಡೆಗಿದೆ, ಒಪ್ಪಿದೆ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು: ಎಲ್ಲರೂ ಹೇಳುವ ಮಾತಿಗೆ ಮೊದಲು ಸಾಕ್ಷಿ ಕೇಳಬೇಕು. ಕೇಳಿದರೆ ಏನನ್ನುತ್ತಾರೆ? "ಜ್ವರ ಬಂದೋರ ಮನೆಗೆಲ್ಲ ಓಯ್ತನಲ್ಲ, ಎದೆಗಾರ ಕಣವ್ವ." ಸ್ವಾಮಿ, ದೀಪಕ್ಕೆ ಹೋಗಿ ಬೀಳುವ ಹುಳುವನ್ನು ಯಾರಾದರೂ ಎದೆಗಾರ ಎನ್ನುತ್ತಾರೆಯೇ?

ನಮ್ಮ ಕಡೆ ಯಾರಾದರೂ ಕಾಯಿಲೆ ಮಲಗಿದರೆ ಹೋಗಿ ನೋಡಿಬರಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ, ಬ್ರೆಡ್ಡು, ಮೋಸಂಬಿ ಹಿಡಿದೇ ಹೋಗಬೇಕು. ಮಿಕ್ಕವರು ಇದನ್ನು ನಂಟರಿಷ್ಟರಿಗೆ ಮಾಡುತ್ತಾರೆ. ಮಾವ ಇದನ್ನು ಉದ್ಯೋಗವೆಂದೇ ತಿಳಿದಿದ್ದಾನೆ. ಕಬ್ಬಿಗೆ ನೀರು ಬಿಡುವುದು ತಪ್ಪೀತು. ಕೌದಳ್ಳಿಯಲ್ಲಿ ಯಾರೋ ಕೆಮ್ಮಿದರೆಂದು ಕೇಳಿದ ಮೇಲೆ ಹನೂರು ಬಸ್ಸು ತಪ್ಪದು.

ಹೋದವನು ಬ್ರೆಡ್ಡು ಕೊಟ್ಟು ವಾಪಸು ಬರುತ್ತಾನೆಯೇ? ಇಲ್ಲ. ಕಣ್ಣು ಮುಚ್ಚಿ ರೋಗಿಯ ಕೆಮ್ಮು ಕೇಳುತ್ತಾನೆ. ಸಂಗೀತಗಾರರು ರಾಗ ಹಿಡಿಯುವ ಹಾಗೆ ಅದರ ಕುಲಗೋತ್ರ ಹಿಡಿಯುತ್ತಾನೆ. "ಇದು ಸತ್ತೇಗಾಲದ ಕೆಮ್ಮು ಕಣಮ್ಮಿ. ನೀರಾವರಿ ಕೆಮ್ಮು, ಗೊಳಗೊಳ ಅಂತದೆ. ಕೌದಳ್ಳಿದು ಒಣಕೆಮ್ಮು. ಅಲ್ಲಿ ಕಾಲ್ವೆ ಎಲ್ಲದೆ?"

ಇದಕ್ಕೊಂದು ಸಿದ್ಧಾಂತ ಬೇರೆ. ಜ್ವರವೆಂದರೆ ಮದುವೆಯಾದ ಹೆಣ್ಣಂತೆ. ಸೇರಿದ ಮನೆಯ ನಡೆನುಡಿ ಕಲಿಯುತ್ತದಂತೆ. "ಒಂದ್ ಮೈಯಿಂದ ಇನ್ನೊಂದ್ ಮೈಗೆ ಓಗೋವತ್ಗೆ ಅದರ ಗುಣವೇ ಬದಲಾಯ್ತದೆ."

ನಾನು ಸೂಕ್ಷ್ಮಜೀವಿಶಾಸ್ತ್ರ ಓದಿದವಳು, ಬಿಡುತ್ತೇನೆಯೇ? ಅತ್ತೆ, ಅಂದರೆ ಮಾವನ ಹೆಂಡತಿ, ನನ್ನನ್ನು ಅವನ ಕಾವಲಿಗೆಂದು ಕಳಿಸಿದ್ದ ಒಂದು ದಿನ, ಕೌದಳ್ಳಿಯ ದಾರಿಯಲ್ಲಿ, ಬಸ್ಸು ಹಿಡಿಯಲು ಯಳಂದೂರಿಗೆ ಹೋಗುವ ಆಟೋದಲ್ಲೇ ಖಂಡಿಸಿದೆ. ಇನ್‌ಫ್ಲುಯೆಂಜಾ ವೈರಸ್ಸು ತನ್ನ ಪ್ರತಿ ತಾನೇ ಮಾಡಿಕೊಳ್ಳುವಾಗ ತಪ್ಪುತ್ತದೆ, ನಿಜ. ನಿದ್ದೆಗಣ್ಣಲ್ಲಿ ನಕಲು ಮಾಡುವವರಂತೆ ತಪ್ಪುತ್ತಲೇ ಇರುತ್ತದೆ. ಆದರೆ ಆ ತಪ್ಪುಗಳಲ್ಲಿ ಬಹುಪಾಲು ಅದರ ಉಪಯೋಗಕ್ಕೆ ಬರುವುದಿಲ್ಲ. ಅಪರೂಪಕ್ಕೊಂದು ಉಪಯೋಗದ ತಪ್ಪು ತಲೆಯೆತ್ತುವಷ್ಟರಲ್ಲಿ ಮೈಯ ಕಾವಲುಗಾರರು ಎಲ್ಲವನ್ನೂ ಹೊರಗಟ್ಟಿರುತ್ತಾರೆ. ಇನ್ನೊಬ್ಬರಿಗೆ ದಾಟುವುದೂ ಬೆರಳೆಣಿಕೆಯ ವೈರಸ್ಸು. ಕಲಿತದ್ದೇನಾದರೂ ಇದ್ದರೆ ದಾರಿಯಲ್ಲೇ ಉದುರಿಹೋಗುವುದೇ ಹೆಚ್ಚು.

"ಮಾವ, ವಾರದೊಳಗೆ ಯಾವ ಸೊಸೆ ಅತ್ತೆ ಮನೆ ಅಡುಗೆ ಕಲೀತಾಳೆ?"

"ತಿಂಗಳುಗಟ್ಲೆ ಇದ್ರೆ?"

"ಯಾರ ಮೈಯಲ್ಲಿ ತಿಂಗಳುಗಟ್ಲೆ ಇರ್ತದೆ? ಕಾವಲುಗಾರರನ್ನೇ ಮಲಗಿಸಿಟ್ಟಿರೋ ಮೈ ಆದ್ರೆ..." ಎಂದವಳು ನಿಲ್ಲಿಸಿಬಿಟ್ಟೆ.

ಆಟೋದವನು ತಿರುಗಿ ನೋಡಿದ. "ಯಾಕವ್ವ, ಪಾಯಿಂಟ್ ಮುಗೀತಾ?"

ಮುಗಿದಿರಲಿಲ್ಲ. ಅಂಥ ಮೈಯೊಂದು ಮಡಿಲಲ್ಲಿ ಬ್ರೆಡ್ಡು ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿತ್ತು. ಮಾವನ ಎರಡೂ ಮೂತ್ರಪಿಂಡ ಕೆಟ್ಟಾಗ ಅತ್ತೆ ತನ್ನದೊಂದನ್ನು ಕೊಟ್ಟು ಬದುಕಿಸಿದ್ದಳು. ಹೊಸದನ್ನು ಮೈ ಹೊರಗಿನದೆಂದು ಒದ್ದು ಓಡಿಸದಿರಲಿ ಎಂದು ಅವನಿಗೆ ದಿನವೂ ಮಾತ್ರೆ. ಆ ಮಾತ್ರೆಯ ಕೆಲಸವೇ ಕಾವಲುಗಾರರಿಗೆ ಜೋಗುಳ ಹಾಡುವುದು. ಜ್ವರದವರ ಹತ್ತಿರ ಸುಳಿಯಬೇಡ ಎಂದು ಮೈಸೂರಿನ ಡಾಕ್ಟರು ಸಾರಿ ಸಾರಿ ಹೇಳಿದ್ದರು.

"ನಾನ್ ಮಲಗಿದ್ದಾಗ ಮೂರ್ ತಾಲ್ಲೂಕೇ ಬಂದು ನೋಡ್ಕಂಡ್ ಓಯ್ತು," ಎಂದ ಮಾವ, ನನ್ನ ಮನಸ್ಸನ್ನು ಓದಿದವನಂತೆ. "ಈಗ ತಿರುಗಿ ನೋಡ್ದೆ ಇರಕ್ಕಾದದಾ?"

ಅತ್ತೆ ಒಂದು ಕಾನೂನು ಮಾಡಿದ್ದಳು: ಹೋಗು, ಆದರೆ ಅವರ ಮನೆಯ ಹೊಸಿಲು ದಾಟಬೇಡ, ಮಾಸ್ಕು ಇಳಿಸಬೇಡ. ಕೇಳಲು ಸೊಗಸಾಗಿತ್ತು. ಆವತ್ತೇ ಕೌದಳ್ಳಿಯಲ್ಲಿ ಕೈಕೊಟ್ಟಿತು. ಮಾವ ಹೊಸಿಲಾಚೆ ನಿಂತು "ಎಂಗಿದ್ದೀಯವ್ವ" ಎಂದ. ಒಳಗೆ ಜ್ವರದಲ್ಲಿ ಬೇಯುತ್ತಿದ್ದ ಅಜ್ಜಿ ಏನು ಮಾಡಿಯಾಳು? ನೋಡಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸುವುದುಂಟೇ! ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಎದ್ದೇ ಬಂದಳು. ನಾನು ನೋಡುತ್ತಿದ್ದಂತೆಯೇ ಅವನ ಎರಡೂ ಕೈ ಹಿಡಿದು, ಮುಖಕ್ಕೇ ಕೆಮ್ಮಿ, "ಒಳಿಕ್ ಬಾಪ್ಪ, ನಾವೇನ್ ಬ್ಯಾರೆಯೋರಾ" ಎಂದಳು.

ಮಾವ ಹೊಸಿಲು ದಾಟಲಿಲ್ಲ. ಅಷ್ಟರ ಮಟ್ಟಿಗೆ ಕಾನೂನು ಉಳಿಯಿತು. ಮಾಸ್ಕು ಎಲ್ಲಿತ್ತು? ಗಲ್ಲದ ಕೆಳಗೆ. "ಮೊಕ ಕಾಣ್ದಿದ್ರೆ ನೋಡಕ್ ಬಂದಂಗೆ ಎಂಗಾದದಮ್ಮಿ?"

ಅಜ್ಜಿ ವಾರದೊಳಗೆ ಎದ್ದು ಹಸುವಿಗೆ ಹುಲ್ಲು ಹಾಕಿದಳು. ಮಾವ ಮಲಗಿದ. ಔಷಧಕ್ಕೆ ಜ್ವರ ಇಳಿಯಿತು, ಮತ್ತೆ ಏರಿತು. ತಿಂಗಳು ಕಳೆದರೂ ಪರೀಕ್ಷೆಯಲ್ಲಿ ವೈರಸ್ಸು ಕಾಣುತ್ತಲೇ ಇತ್ತು. ಈಗ ಅದಕ್ಕೆ ಮೊದಲಿನ ಔಷಧ ನಾಟುತ್ತಿಲ್ಲ ಎಂದರು ಡಾಕ್ಟರು. ಔಷಧ ತಡೆದುಕೊಳ್ಳಬಲ್ಲ ಒಂದು ತಪ್ಪು ನಕಲು ಅವನೊಳಗೇ ಹುಟ್ಟಿ, ಮಿಕ್ಕವು ಸತ್ತ ಜಾಗದಲ್ಲಿ ಸಂಸಾರ ಹೂಡಿತ್ತು. ಆಟೋದಲ್ಲಿ ಅರ್ಧಕ್ಕೆ ನಿಲ್ಲಿಸಿದ ನನ್ನ ಮಾತೇ ನಿಜವಾಗಿತ್ತು. ನನ್ನ ವಾದ ಗೆದ್ದದ್ದಕ್ಕೆ ನಾನು ಇಷ್ಟು ಹೆದರಿದ್ದು ನೆನಪಿಲ್ಲ.

ಕಿಟಕಿಯಾಚೆ ನಿಂತು ಮಾವನಿಗೆ ಇದನ್ನೆಲ್ಲ ವಿವರಿಸಿದೆ.

"ಅಂಗಾರೆ ಇದು ಈಗ ಕೌದಳ್ಳಿದಲ್ಲ?"

"ಅಲ್ಲ ಮಾವ. ನಿನ್ನೊಳಗೇ ಬದಲಾಗಿರೋದು."

"ಒನ್ನೂರ್ದು ಅನ್ನು," ಎಂದ, ಕೊಂಚ ಹೆಮ್ಮೆಯಿಂದಲೇ. ಆಮೇಲೆ ಎದ್ದು ಹೋಗಿ ಕೋಣೆಯ ಅಗುಳಿ ಹಾಕಿಕೊಂಡ.

ಅಂದಿನಿಂದ ಬ್ರೆಡ್ಡು ಹಿಡಿದು ಬಂದವರಿಗೆಲ್ಲ ಕಿಟಕಿಯಿಂದಲೇ ಗದರಿಕೆ. "ಓಗ್ಲಾ ಆಚ್ಗೆ. ಇದು ಒಸಾ ತಳಿ. ಮಕ್ಳುಮರಿ ಇರೋನು ನೀನು." ಜನವಿಲ್ಲದೆ ಅರೆಗಳಿಗೆ ಇರಲಾರದ ಮನುಷ್ಯ! ಅತ್ತೆಗೂ ಪ್ರವೇಶವಿಲ್ಲ. ತಟ್ಟೆಯನ್ನು ಹೊಸಿಲಲ್ಲಿಟ್ಟು ಅವಳು ದೂರ ಸರಿದ ಮೇಲೆಯೇ ಅಗುಳಿ ತೆಗೆಯುತ್ತಾನೆ.

ಡಾಕ್ಟರು ಬೇರೆ ಔಷಧ ಕೊಟ್ಟಿದ್ದಾರೆ. ಜತೆಗೆ, ಕಾವಲುಗಾರರನ್ನು ಸ್ವಲ್ಪ ಎಬ್ಬಿಸೋಣ, ಮೂತ್ರಪಿಂಡದ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ಎಂದಿದ್ದಾರೆ. ಅಪಾಯವನ್ನು ಮುಚ್ಚಿಡಲಿಲ್ಲ: ಎದ್ದ ಕಾವಲುಗಾರರು ಅತ್ತೆ ಕೊಟ್ಟ ಮೂತ್ರಪಿಂಡದ ಮೇಲೂ ಕೈಮಾಡಬಹುದು. ಇಳಿಸದಿದ್ದರೆ ಈ ಜ್ವರ ಶ್ವಾಸಕೋಶಕ್ಕಿಳಿದು ಮಾವನನ್ನೇ ಒಯ್ಯಬಹುದು. ಅತ್ತೆ ಹೂಂ ಎಂದು ತಲೆಯಾಡಿಸಿದಳು. ದಿನವೂ ಕಿಟಕಿಯಾಚೆ ನಿಂತು ಅರ್ಧ ಮಾತ್ರೆ ನುಂಗಿಸತೊಡಗಿದಳು.

ಇವತ್ತು ಬೆಳಿಗ್ಗೆ ನಾನೂ ಅವಳ ಜತೆಗಿದ್ದೆ. ಮಾವ ಮಾತ್ರೆ ಮುರಿದು ಅರ್ಧ ನುಂಗಿದ. ಅತ್ತೆ ಅಡುಗೆಮನೆಯ ಕಡೆ ತಿರುಗಿದ್ದೇ ತಡ, ಇನ್ನರ್ಧವನ್ನೂ ಬಾಯಿಗೆ ಹಾಕಿಕೊಂಡ.

"ಮಾವ."

ಅವನು ಬೆಚ್ಚಿದ. "ಅವಳ್ಗೇಳ್ಬ್ಯಾಡ ಕಣಮ್ಮಿ. ಜ್ವರ ಯಾರ್ಯಾರದೋ, ಬತ್ತದೆ, ಓಯ್ತದೆ. ಇದು ಅವಳ್ದು. ಒಟ್ಟೆ ಕುಯ್ಸ್ಕಂಡು ಕೊಟ್ಟವ್ಳೆ. ನನ್ ಕೈಯಾರೆ ಕೆಡಿಸ್ಕಂಡು ಅವಳ ಮೊಕ ಎಂಗ್ ನೋಡ್ಲಿ?"

ಅವನ ಕೈ ಕಿಬ್ಬೊಟ್ಟೆಯ ಮೇಲಿತ್ತು, ನಿದ್ದೆಹೋದ ಕೂಸಿನ ಮೇಲೆ ಇಟ್ಟ ಹಾಗೆ. ನನ್ನ ಬಳಿ ವಾದಗಳಿಗೇನು ಬರವಿರಲಿಲ್ಲ. ಒಳಗೆ ಇದ್ದಷ್ಟೂ ವೈರಸ್ಸಿಗೆ ಕಲಿಯಲು ಸಮಯ ಸಿಗುತ್ತದೆ, ಈ ಔಷಧವೂ ಸೋಲಬಹುದು, ಹೇಳಬೇಕಿತ್ತು. ಕಿಟಕಿಯ ಸರಳು ಹಿಡಿದು ಇಷ್ಟೇ ಕೇಳಿದೆ:

"ಮಾವ, ಅತ್ತೆ ಹೊಟ್ಟೆ ಕುಯ್ಸಿಕೊಂಡಿದ್ದು ಆ ಮೂತ್ರಪಿಂಡ ಉಳೀಲಿ ಅಂತಲಾ?"