ಪರೀಕ್ಷೆಗೆ ಮುಂಚೆ ಮೂರು ಡ್ರ್ಯಾಗನ್ ಹಣ್ಣು

ಡ್ರೈವರು ಆ ಹಣ್ಣು ತಿಂದದ್ದು ಹೆಂಡತಿಯ ಮಾತಿಗೆ. ಹೆಂಡತಿ ಅದನ್ನು ತಂದದ್ದು ಮಹಡಿ ಮನೆಯ ಟೀಚರಮ್ಮನ ಮಾತಿಗೆ. ಟೀಚರಮ್ಮ ನಿವೃತ್ತಿಯಾಗಿ ಆರು ವರ್ಷವಾಗಿತ್ತು, ಅವರ ನಾಲಿಗೆ ಮಾತ್ರ ಇನ್ನೂ ಸರ್ವಿಸಿನಲ್ಲೇ ಇತ್ತು. ತರಗತಿ ಇಲ್ಲದ್ದರಿಂದ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಪಾಠ.

“ಡ್ರ್ಯಾಗನ್ ಹಣ್ಣು ಅಂದ್ರೆ ಸುಮ್ನೆ ಅಲ್ಲಮ್ಮ. ನಾರಿದೆ, ಹೊಟ್ಟೆ ಗಡಿಯಾರದ ಥರ ನಡೆಯುತ್ತೆ. ವಿಟಮಿನ್ ಸಿ ಇದೆ, ಕಬ್ಬಿಣ ಇದೆ, ಮೆಗ್ನೀಸಿಯಂ ಇದೆ. ಕೊಬ್ಬು ಇಲ್ಲ ಅಂತ್ಲೇ ಹೇಳ್ಬಹುದು. ಒಳಗೆ ಕೆಂಪಗಿರೋದನ್ನೇ ತಗೋ. ನಿಮ್ಮನೆಯವರಿಗೆ ಡಾಕ್ಟ್ರ ಪರೀಕ್ಷೆ ಇದೆ ಅಂದ್ಯಲ್ಲ, ಅದಕ್ಕೆ ಮುಂಚೆ ತಿನ್ಸು.”

ಸಿಟ್ಟಿಗೆದ್ದ ಎಲೆಕೋಸಿನಂತಿದ್ದ ಆ ಹಣ್ಣನ್ನು ಡ್ರೈವರು ಮೊದಲ ದಿನ ಚಮಚದ ತುದಿಯಿಂದ ಮುಟ್ಟಿ ನೋಡಿದ. ಆಮೇಲೆ ರುಚಿ ಹತ್ತಿತು. ಪರೀಕ್ಷೆಯ ಹಿಂದಿನ ಸಂಜೆ ಎರಡು, ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದು.

ಆ ಪರೀಕ್ಷೆಯ ಮೇಲೆ ಒಂದು ಬಸ್ಸೇ ನಿಂತಿತ್ತು. ಡಿಪೋಗೆ ಹೊಸ ಬಸ್ಸು ಬಂದಿತ್ತು, ಕಡಲ ದಂಡೆಯ ರೂಟಿಗೆ. ಹದಿನಾಲ್ಕೇ ಸ್ಟಾಪು, ದಾರಿಯುದ್ದಕ್ಕೂ ಎಡಗಡೆ ನೀರು. ಹನ್ನೊಂದು ವರ್ಷ ಮಾರುಕಟ್ಟೆಯ ಗಲ್ಲಿಗಳಲ್ಲಿ ಕ್ಲಚ್ಚು ತುಳಿದ ಅವನಿಗೆ ಅದು ಸಿಗಬೇಕಿತ್ತು. ಇವತ್ತು ಸಂಜೆ ಐದರೊಳಗೆ ಫಿಟ್ನೆಸ್ ಚೀಟಿ ಕೊಡದಿದ್ದರೆ ಬಸ್ಸು ಸರದಿಯಲ್ಲಿ ಮುಂದಿನವನಿಗೆ, ಅಂದರೆ ಗಡ್ಡದ ಡ್ರೈವರಿಗೆ.

ಡಿಪೋ ತಲುಪಿ ಮೂತ್ರಕ್ಕೆ ಹೋದವನು ಹಾಗೇ ಗೋಡೆ ಹಿಡಿದು ನಿಂತ. ಕೆಂಪು! ಸಾಯಂಕಾಲದ ಆಕಾಶದಂಥ ಕೆಂಪು. ಮೂರು ಹಣ್ಣು ನೆನಪಿಗೆ ಬರಲಿಲ್ಲ. ಹೆಂಡತಿ ಬಂದಳು, ಕಟ್ಟದೆ ಉಳಿದ ಮನೆ ಬಂತು, ಕಡಲು ಬಂತು.

ಹೊರಗೆ ಅವನ ಕಂಡಕ್ಟರ್ ಕಾಯುತ್ತಿದ್ದ. ಜೇಬಿನ ತುಂಬ ಪೆಪ್ಪರ್‌ಮಿಂಟು ಇಟ್ಟುಕೊಂಡು, ಬಸ್ಸಿನ ಮಕ್ಕಳಿಗೊಂದು ತನಗೆರಡು ಎಂದು ಹಂಚುತ್ತಿದ್ದುದರಿಂದ ಎಲ್ಲರೂ ಅವನನ್ನು ಪೆಪ್ಪರ್‌ಮಿಂಟ್ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಬಸ್ಸಿನ ಎರಡು ತುದಿಯಲ್ಲಿ ಬದುಕಿದವರು. ಮಾತು ಕಡಿಮೆ. ಒಂದು ಬೆಲ್ ಅಂದರೆ ನಿಲ್ಲು, ಎರಡು ಬೆಲ್ ಅಂದರೆ ಹೊರಡು. ಉಳಿದದ್ದು ಕನ್ನಡಿಯಲ್ಲಿ ತಿಳಿಯುತ್ತಿತ್ತು.

“ಯಾಕಣ್ಣ, ಮುಖ ಪಂಕ್ಚರ್ ಆಗಿದೆ?”

ಡ್ರೈವರು ಕಿವಿಯಲ್ಲಿ ಹೇಳಿದ. “ಯಾರಿಗೂ ಹೇಳ್ಬೇಡ ಕಣೋ.”

“ಈ ಬಾಯಿಗೆ ಬೀಗ ಹಾಕಿದೆ ಅಂತ ತಿಳ್ಕೊ,” ಎಂದ ಪೆಪ್ಪರ್‌ಮಿಂಟ್. ಬೀಗ ಹಾಕುವ ಮೊದಲು ಮೆಕ್ಯಾನಿಕ್‌ಗೆ ಮಾತ್ರ ಹೇಳಿದ. ಹತ್ತು ಗಂಟೆಗೆ ಡಿಪೋದಲ್ಲಿ ಗೊತ್ತಿಲ್ಲದೆ ಉಳಿದವರು ಪರೀಕ್ಷೆಗೆ ಹೊರಗಿನಿಂದ ಬರಬೇಕಿದ್ದ ಡಾಕ್ಟರಮ್ಮ ಒಬ್ಬರೇ.

“ಕೆಂಪು ಸೋರ್ತಿದೆ ಅಂದ್ರೆ ಗೇರ್‌ಬಾಕ್ಸೇ,” ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. “ಇಂಜಿನ್ ಆಯಿಲ್ ಆದ್ರೆ ಕಪ್ಪಗಿರುತ್ತೆ.”

“ಸುಮ್ನಿರಪ್ಪ, ಇವನೇನು ಲಾರೀನಾ?” ಎಂದು ಕ್ಯಾಂಟೀನ್ ಅಕ್ಕ ಒಂದು ಜಗ್ ನೀರು ತಂದಳು. “ಕುಡಿ ತಮ್ಮಾ, ಎಲ್ಲಾ ತೊಳ್ಕೊಂಡು ಹೋಗ್ಲಿ.”

ಕುಡಿದ. ಬಣ್ಣ ಗುಲಾಬಿಗೆ ತಿರುಗಿತೇ ಹೊರತು ಹೋಗಲಿಲ್ಲ.

ಗಡ್ಡದ ಡ್ರೈವರು ಬಂದು ಹೆಗಲ ಮೇಲೆ ಕೈಯಿಟ್ಟ. ಆ ಕೈ ತುಂಬ ಮೃದುವಾಗಿತ್ತು. “ಆರೋಗ್ಯ ಮುಖ್ಯ ಅಣ್ಣ. ಬಸ್ಸಿನ ಚಿಂತೆ ಬಿಟ್ಬಿಡು, ನಾನಿದ್ದೀನಲ್ಲ.”

ಹನ್ನೊಂದಕ್ಕೆ ಡಾಕ್ಟರಮ್ಮ ಬಂದರು. ರಕ್ತದೊತ್ತಡ ಸರಿ, ಕಣ್ಣು ಸರಿ. ಕೊನೆಗೆ ಒಂದು ಪುಟ್ಟ ಡಬ್ಬಿ ಕೈಗೆ ಕೊಟ್ಟರು. ಡ್ರೈವರು ಅದನ್ನು ಹಿಡಿದು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ನಿಂತ. ಪಕ್ಕದ ಬಾಗಿಲೂ ಮುಚ್ಚಿಕೊಂಡಿತು. ಮಧ್ಯದ ತಡಿಕೆಯ ಕೆಳಗಿನಿಂದ ಒಂದು ಕೈ ಬಂತು.

“ಡಬ್ಬಿ ಇತ್ಲಾಗೆ ಕೊಡಣ್ಣ,” ಪೆಪ್ಪರ್‌ಮಿಂಟಿನ ದನಿ.

“ಏನೋ ಮಾಡ್ತೀಯ?”

“ನಂದು ಕೊಡ್ತೀನಿ. ನನ್ ಹತ್ರ ಸ್ಟಾಕಿಗೇನೂ ಕೊರತೆ ಇಲ್ಲ. ಅರ್ಧ ಗಂಟೆಗೊಂದ್ಸಲ ಬರುತ್ತೆ. ಕುಡಿಯೋದೂ ಹಾಗೇ, ಎಷ್ಟು ನೀರು ಕುಡಿದ್ರೂ ಬಾಯಾರಿಕೆ.”

“ತಪ್ಪು ಕಣೋ.”

“ಮೊದ್ಲು ಚೀಟಿ ತಗೋ. ನಾಳೆನೇ ದೊಡ್ಡಾಸ್ಪತ್ರೆಗೆ ನಾನೇ ಎತ್ಕೊಂಡು ಹೋಗ್ತೀನಿ ನಿನ್ನ. ನೀನಿಲ್ದೆ ಆ ಗಡ್ಡದ ಹಿಂದೆ ನಾನು ಬೆಲ್ ಹೊಡೀಲಾ?”

ಡಬ್ಬಿ ಖಾಲಿಯಾಗಿ ಹೋಯಿತು, ತುಂಬಿ ಬಂತು. ನೋಡಿದರೆ ಅಷ್ಟು ತಿಳಿ, ಅಷ್ಟು ಚಂದ.

ಡಾಕ್ಟರಮ್ಮ ಅದರಲ್ಲಿ ಒಂದು ಕಾಗದದ ಪಟ್ಟಿ ಅದ್ದಿ ಹಿಡಿದರು. ನೋಡುತ್ತಿದ್ದಂತೆ ಹುಬ್ಬು ಮೇಲಕ್ಕೆ ಹೋಯಿತು.

“ಏನ್ರೀ ಇದು! ಸಕ್ಕರೆ ಕಾರ್ಖಾನೆ ಇಟ್ಟಿದ್ದೀರಾ ಹೊಟ್ಟೇಲಿ? ಬಾಯಾರಿಕೆ ಇದೆಯಾ? ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾ?”

ಡ್ರೈವರು ಬಾಗಿಲ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ಪೆಪ್ಪರ್‌ಮಿಂಟಿನ ಒಂದು ಕಣ್ಣು ಕಾಣುತ್ತಿತ್ತು. ಅದು ರೆಪ್ಪೆ ಬಡಿಯಲಿಲ್ಲ.

“ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ, ರಕ್ತ ಪರೀಕ್ಷೆ ಮಾಡೋಣ. ಅಲ್ಲೀವರೆಗೂ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ.”

ಬಸ್ಸು ಹೋಯಿತು. ಇನ್ನು ಜೀವದ ಮಾತನ್ನಾದರೂ ಕೇಳೋಣವೆಂದು ಡ್ರೈವರು ಮೆಲ್ಲಗೆ ಬಾಯಿಬಿಟ್ಟ. “ಡಾಕ್ಟ್ರೇ, ನಮಗೆ ಗೊತ್ತಿರೋರೊಬ್ರಿಗೆ... ಕೆಂಪಗೆ ಹೋಗುತ್ತಂತೆ.”

“ನೋವು, ಉರಿ?”

“ಏನೂ ಇಲ್ಲ.”

“ಬೀಟ್‌ರೂಟ್ ತಿಂದಿದ್ರಾ? ಕೆಂಪು ಡ್ರ್ಯಾಗನ್ ಹಣ್ಣು?”

ಡ್ರೈವರು ಬೆರಳಿನಲ್ಲಿ ಮೂರು ಎಣಿಸಿದ.

“ಹಣ್ಣಿನ ಬಣ್ಣ ಕಣ್ರೀ ಅದು. ಒಂದೆರಡು ದಿನ ತಿನ್ನೋದು ಬಿಟ್ರೆ ತಾನೇ ಹೋಗುತ್ತೆ. ಹೋಗದಿದ್ರೆ ಮಾತ್ರ ಬಂದು ತೋರಿಸ್ಲಿ. ಪಾಪ, ಹೆದರ್ಕೊಂಡಿರ್ಬೇಕು ಅವರು.”

“ತುಂಬ,” ಎಂದ ಡ್ರೈವರು.

ಡಬ್ಬಿ ಬದಲಾದ ನಿಜವನ್ನು ಡಾಕ್ಟರಮ್ಮನಿಗೆ ಹೇಳಿದ್ದರೆ ಬಸ್ಸಿನ ಜೊತೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಪೆಪ್ಪರ್‌ಮಿಂಟ್ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಡ್ರೈವರು ಆ ಕೈ ಹಿಡಿದು, ಮಿಠಾಯಿಗಳನ್ನೆಲ್ಲ ತೆಗೆದು ತನ್ನ ಜೇಬಿಗೆ ತುಂಬಿಕೊಂಡ.

“ಸೋಮವಾರದ ತನಕ ಕಾಯೋದಿಲ್ಲ. ನಾಳೆನೇ ದೊಡ್ಡಾಸ್ಪತ್ರೆಗೆ, ನಾನೇ ಎತ್ಕೊಂಡು ಹೋಗ್ತೀನಿ ನಿನ್ನ.”

ಐದು ಗಂಟೆಗೆ ಹೊಸ ಬಸ್ಸು ಅವರ ಮುಂದೆಯೇ ಗೇಟು ದಾಟಿತು. ಗಡ್ಡದ ಡ್ರೈವರು ತುಂಬ ದುಃಖದಿಂದ ಹಾರ್ನ್ ಹೊಡೆದ.

ಸಂಜೆ ಇಬ್ಬರೂ ಡ್ರೈವರನ ಮನೆಗೆ ಬಂದರು. ಡ್ರೈವರು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಸೆರಗಿನ ತುದಿ ಕಚ್ಚಿದಳು.

“ಕೆಂಪಗೆ ಹೋಗುತ್ತೆ, ಹೆದರ್ಬೇಡಿ ಅಂತ ಟೀಚರಮ್ಮ ಹೇಳಿದ್ರು ಕಣ್ರೀ.”

“ಮತ್ತೆ ನನಗೆ ಯಾಕೇ ಹೇಳ್ಲಿಲ್ಲ?”

“ತಿನ್ನೋ ಹೊತ್ತಲ್ಲಿ ಆ ಮಾತು ಹೇಗ್ರೀ ಆಡ್ಲಿ? ಅಸಹ್ಯ ಅನ್ನಿಸ್ತು.”

ಡ್ರೈವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ದನಿ ಇಳಿದು ಬಂತು. ಡಿಪೋದ ಸುದ್ದಿ ಅವರಿಗಿಂತ ಮೊದಲೇ ಮಹಡಿ ಹತ್ತಿತ್ತು.

“ಡ್ರೈವರಿಗೆ ಶುಗರ್ ಅಂತೆ? ಚಿಂತೆ ಬೇಡಮ್ಮ! ಬಿಸ್ಕತ್ತು, ಮಿಠಾಯಿ ಬಿಡಿಸಿ ಅದರ ಬದ್ಲು ಹಣ್ಣು ಕೊಡು. ಡ್ರ್ಯಾಗನ್ ಹಣ್ಣಾದ್ರೆ ಬಹಳ ಒಳ್ಳೇದು, ನಾರಿದೆಯಲ್ಲ! ನಾಲ್ಕು ತಂದಿಟ್ಟಿದ್ದೀನಿ, ಕಳಿಸ್ಲಾ?”

ಉತ್ತರಕ್ಕೆ ಕಾಯದೆ ನಾಲ್ಕೂ ಬಂದವು. ಹೆಂಡತಿ ಒಂದನ್ನು ಕತ್ತರಿಸಿ ಎರಡು ತಟ್ಟೆಯಲ್ಲಿಟ್ಟಳು. ರಕ್ತಗೆಂಪು. ಡ್ರೈವರು ತಟ್ಟೆಯನ್ನೇ ನೋಡುತ್ತ ಚಮಚ ಹಿಡಿದು ಕೂತ. ಎದುರು ಕೂತ ಪೆಪ್ಪರ್‌ಮಿಂಟ್ ತನ್ನ ಚಮಚದಿಂದ ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದ.

ಟಿಣ್, ಟಿಣ್.

ಡ್ರೈವರು ನಿಟ್ಟುಸಿರು ಬಿಟ್ಟು, ಚಮಚವನ್ನು ಹಣ್ಣಿಗಿಳಿಸಿ ಹೊರಟ.